ಸೌದಿಯ ಎಲೆಕ್ಟ್ರಿಷಿಯನ್ ವೀಸಾ: ಕಲಬುರಗಿಯ ಐಟಿಐ ಹುಡುಗರು ಹೋಗಬೇಕೆ?

ಪರ: ಕೈಕೆಲಸ ಗಟ್ಟಿಯಿದ್ದರೆ ಹೋಗಲಿ

ಕಲಬುರಗಿ, ಸೇಡಂ, ಚಿತ್ತಾಪುರದ ಕಡೆ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವರಿಗೆ ಹೆಚ್ಚಾಗಿ ಸಿಗುವುದು ಗುತ್ತಿಗೆ ಕೆಲಸ. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ದುರಸ್ತಿಗೆ ನಿಲ್ಲುವ ಶಟ್‌ಡೌನ್, ಇಲ್ಲವೇ ತೊಗರಿಬೇಳೆ ಮಿಲ್ಲಿನ ಮೋಟಾರು. ಶಟ್‌ಡೌನ್ ಮುಗಿದ ದಿನ ಹಾಜರಿಯೂ ಮುಗಿಯುತ್ತದೆ.

ಸೌದಿಯ ಲೆಕ್ಕ ನೋಡಿ. ಮೂಲ ವೇತನ 1,500 ರಿಯಾಲ್ ಎಂದಿಟ್ಟುಕೊಳ್ಳೋಣ. ರಿಯಾಲಿಗೆ 23 ರೂಪಾಯಿ ಹಿಡಿದರೆ 34,500. ಅಲ್ಲಿನ ಕಾನೂನಿನಂತೆ ವಾರಕ್ಕೆ 48 ಗಂಟೆ ದುಡಿಮೆ, ಮೀರಿದ್ದಕ್ಕೆ ಒಂದೂವರೆ ಪಟ್ಟು. 1,500ನ್ನು 30 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ 6.25 ರಿಯಾಲ್, ಓವರ್‌ಟೈಮಿಗೆ ಸುಮಾರು 9.4. ದಿನಾ ಎರಡು ತಾಸಿನಂತೆ 26 ದಿನ ಮಾಡಿದರೆ ಮತ್ತೆ 487 ರಿಯಾಲ್. ಆದಾಯ ತೆರಿಗೆ ಇಲ್ಲ. ಊಟಕ್ಕೆ, ಫೋನಿಗೆ 500 ಹೋದರೂ ಮನೆಗೆ 34,000 ಕಳಿಸಬಹುದು. ಎರಡು ವರ್ಷದ ಕರಾರು ಪೂರೈಸಿದರೆ ವರ್ಷಕ್ಕೆ ಅರ್ಧ ತಿಂಗಳ ವೇತನದಂತೆ ಸರ್ವಿಸ್ ಹಣವೂ ಬರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಮ್ಮ ಮೇ ತಿಂಗಳಿಗೆ ಅಂಥ ನಿಯಮ ಯಾರೂ ಮಾಡಿಲ್ಲ!

ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಮೆಕ್ಯಾನಿಕ್‌ಗಳಿಗೆ ಸೌದಿಯ ತಕಾಮೂಲ್ ಕೌಶಲ ಪರೀಕ್ಷೆ ಇದೆ: ಒಂದು ಥಿಯರಿ, ಒಂದು ಪ್ರಾಕ್ಟಿಕಲ್. ಕಂಪನಿಯ ಟ್ರೇಡ್ ಟೆಸ್ಟ್ ಬೇರೆ. ಅದರಲ್ಲಿ ಡಿಒಎಲ್ (ಮೋಟಾರನ್ನು ನೇರ ಲೈನಿಗೆ ಕೊಡುವ) ಸ್ಟಾರ್ಟರ್, ಕೇಬಲ್ ಗ್ಲ್ಯಾಂಡಿಂಗ್, ಕಾಂಡ್ಯೂಟ್ ಬೆಂಡಿಂಗ್ ಕೇಳುತ್ತಾರೆ. ಮಂದಿ ಫೇಲಾಗುವುದು ಸ್ಟಾರ್-ಡೆಲ್ಟಾದಲ್ಲಿ, ಅಂದರೆ ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಕ್ಕೆ ತಿರುಗಿಸುವ ಸ್ಟಾರ್ಟರಿನಲ್ಲಿ. ಮೋಟಾರಿನ ಮೂರು ವೈಂಡಿಂಗಿನ ತುದಿಗಳು ಯು1-ಯು2, ವಿ1-ವಿ2, ಡಬ್ಲ್ಯು1-ಡಬ್ಲ್ಯು2. ಡೆಲ್ಟಾ ಕಾಂಟ್ಯಾಕ್ಟರಿನಲ್ಲಿ ಯು1ಗೆ ಡಬ್ಲ್ಯು2, ವಿ1ಗೆ ಯು2, ಡಬ್ಲ್ಯು1ಗೆ ವಿ2 ಸೇರಬೇಕು. ಗಡಿಬಿಡಿಯಲ್ಲಿ ಯು1ಗೆ ಯು2, ವಿ1ಗೆ ವಿ2 ಎಂದು ನೇರ ಜೋಡಿಸಿದರೆ ವೈಂಡಿಂಗಿನ ಎರಡೂ ತುದಿಗೆ ಒಂದೇ ಫೇಸ್ ಬರುತ್ತದೆ. ಸ್ಟಾರ್‌ನಲ್ಲಿ ಚೆನ್ನಾಗಿ ತಿರುಗಿದ ಮೋಟಾರು ಡೆಲ್ಟಾಕ್ಕೆ ಬಂದೊಡನೆ ಸುಮ್ಮನಾಗುತ್ತದೆ. ಬೇಳೆ ಮಿಲ್ಲಿನಲ್ಲಿ ಎರಡು ಸೀಸನ್ ಪ್ಯಾನೆಲ್ ಬಿಚ್ಚಿದವನಿಗೆ ಇದು ದೊಡ್ಡ ಮಾತಲ್ಲ.

ಖರ್ಚಿಗೂ ಮಿತಿ ಇದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 35,400. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಏಜೆಂಟನ ನೋಂದಣಿ ಸಂಖ್ಯೆ ಹಾಕಿ ನೋಡಿ, ರಸೀದಿ ಪಡೆದೇ ಕೊಡಿ. ಸುಮಾರು ಒಂದು ತಿಂಗಳ ದುಡಿಮೆಯಲ್ಲಿ ಅದು ಮರಳುತ್ತದೆ.

ವಿರೋಧ: ಲೆಕ್ಕ ಸರಿ, ವೀಸಾ ಯಾವುದು?

35,400 ರೂಪಾಯಿಯಲ್ಲಿ ಹೋಗುವುದು ಕಾನೂನಿನ ಪುಸ್ತಕದಲ್ಲಿ. ಹೈದರಾಬಾದ್, ಮುಂಬೈನ ಕಚೇರಿಗೂ ನಮ್ಮ ಹಳ್ಳಿಯ ಹುಡುಗನಿಗೂ ನಡುವೆ ಸಬ್ ಏಜೆಂಟ್ ಇರುತ್ತಾನೆ. 1983ರ ವಲಸೆ ಕಾಯ್ದೆಯಲ್ಲಿ ಅವನಿಗೆ ಜಾಗವೇ ಇಲ್ಲ, ಆದರೆ ರೊಕ್ಕ ಕೇಳುವವನು ಅವನೇ. ಒಂದೂವರೆ ಲಕ್ಷವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದರೆ ತಿಂಗಳಿಗೆ ಬರೀ ಬಡ್ಡಿ 4,500. ಎರಡು ವರ್ಷಕ್ಕೆ 1,08,000, ಅಸಲು ಹಾಗೇ ಉಳಿದಿರುತ್ತದೆ. ಓವರ್‌ಟೈಮ್ ಸಿಕ್ಕರೆ ಸಿಕ್ಕಿತು, ಬಡ್ಡಿ ಮಾತ್ರ ತಪ್ಪುವುದಿಲ್ಲ.

ಇನ್ನು 'ಆಜಾದ್ ವೀಸಾ'. ಹೆಸರಿಗೊಬ್ಬ ಕಫೀಲ್ (ವೀಸಾ ಕೊಡಿಸುವ ಮಾಲೀಕ), ದುಡಿಮೆ ಬೇರೆ ಕಡೆ. ತಪಾಸಣೆಯಲ್ಲಿ ಸಿಕ್ಕರೆ ದಂಡ, ಗಡೀಪಾರು. ಕಫೀಲ್ 'ಹುರೂಬ್' ಎಂದು, ಅಂದರೆ ಓಡಿಹೋದವನೆಂದು, ದೂರು ಹಾಕಿದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಕೆಲಸಕ್ಕೆ ಬಾರದಂತಾಗಬಹುದು. ಅದಿಲ್ಲದೆ ಬ್ಯಾಂಕಿನಿಂದ ಹಣ ಕಳಿಸುವುದೂ ಕಷ್ಟ. ವೀಸಾದಲ್ಲಿ 'ಆಮಿಲ್', ಅಂದರೆ ಸಾದಾ ಕೂಲಿ ಎಂದು ಬರೆದು, ಬಾಯಿಯಲ್ಲಿ ಎಲೆಕ್ಟ್ರಿಷಿಯನ್ ಎನ್ನುವವರೂ ಇದ್ದಾರೆ. ಕರಾರಿನಲ್ಲಿ '1,500 ರಿಯಾಲ್, ದಿನಕ್ಕೆ 10 ಗಂಟೆ' ಎಂದಿದ್ದರೆ ಮೇಲೆ ತೋರಿಸಿದ ಓವರ್‌ಟೈಮ್ ಅದರೊಳಗೇ ಕರಗಿತು ಎಂದೇ ತಿಳಿಯಿರಿ. 2021ರ ಸುಧಾರಣೆಯಂತೆ ಒಂದು ವರ್ಷದ ನಂತರ ಮಾಲೀಕನ ಒಪ್ಪಿಗೆಯಿಲ್ಲದೆ ಕಂಪನಿ ಬದಲಿಸಬಹುದು, ನಿಜ. ಆ ಒಂದು ವರ್ಷ?

ವಿಚಿತ್ರವೆಂದರೆ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದದ್ದು) ಆಗಿರುತ್ತದೆ. ಅವರು ಸೌದಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಬೇಕು, ಅಪಘಾತಕ್ಕೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಹತ್ತನೇ ಪಾಸಾಗಿ ಐಟಿಐ ಮಾಡಿದವನಿಗೆ ಇವೆರಡೂ ಕಡ್ಡಾಯವಲ್ಲ. ಕಲಿತವನ ಕರಾರನ್ನೇ ಯಾರೂ ತಿರುವಿ ನೋಡುವುದಿಲ್ಲ.

ಕೊಲ್ಲಿ ದೇಶಕ್ಕೆ ಹೋಗುವ ಮುಂಚಿನ ಆರೋಗ್ಯ ತಪಾಸಣೆ, ಮಂದಿ ಗಾಮ್ಕಾ ಮೆಡಿಕಲ್ ಎನ್ನುವುದು, ಇನ್ನೊಂದು ತೊಡಕು. ಎಂದೋ ಬಂದು ಗುಣವಾದ ಟಿಬಿಯ ಕಲೆ ಎದೆಯ ಎಕ್ಸ್‌ರೇಯಲ್ಲಿ ಕಂಡರೂ ಅನ್‌ಫಿಟ್. ಏಜೆಂಟ್‌ಗೆ ಹಣ ಕಟ್ಟುವ ಮೊದಲೇ ಊರಲ್ಲಿ ಒಂದು ಎಕ್ಸ್‌ರೇ ತೆಗೆಸಿ ನೋಡುವುದು ಲೇಸು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತು ಬೇಡ: ಅವಲಂಬಿತರಿಗೆ ತಲೆಗೆ ತಿಂಗಳಿಗೆ 400 ರಿಯಾಲ್ ಶುಲ್ಕ.

ಇಲ್ಲಿ ಬಿಟ್ಟುಹೋಗುವುದಕ್ಕೂ ಬೆಲೆ ಇದೆ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ಡಿಯಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ವಿದ್ಯುತ್ ಕಂಪನಿ ಜೆಸ್ಕಾಂನ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ವಯೋಮಿತಿ ಇದೆ, ಖುದ್ದಾಗಿ ಬಂದು ಕಂಬ ಹತ್ತಿ ತೋರಿಸಬೇಕು. ಸೌದಿಯಲ್ಲಿ ವರ್ಷಕ್ಕೆ ಸಿಗುವ ರಜೆ 21 ದಿನ, ಅದನ್ನು ಯಾವಾಗ ಕೊಡಬೇಕೆಂದು ನಿರ್ಧರಿಸುವವನು ಮಾಲೀಕ.