ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದ ಹಕ್ಕಿ

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಳ್ಳಬಾರದು ಅಂತಾರೆ. ಹಾಗಿದ್ದ ಮೇಲೆ ಕಲೆಯ ಮಾತನ್ನಂತೂ ಎತ್ತಲೇಬಾರದು.

1926ರಲ್ಲಿ ಶಿಲ್ಪಿ ಬ್ರಾಂಕೂಸಿಯ ಕೃತಿಗಳು ಪ್ಯಾರಿಸ್‌ನಿಂದ ಹಡಗೇರಿ ನ್ಯೂಯಾರ್ಕ್ ಬಂದರಿಗೆ ಬಂದಿಳಿದವು. ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆದರು. ಒಳಗೆ ಉದ್ದಕ್ಕೆ, ತೆಳ್ಳಗೆ, ಮುಖ ಕಾಣುವಷ್ಟು ಫಳಫಳ ಹೊಳೆಯುವ ಒಂದು ಕಂಚು. ಹೆಸರು ‘ಬಾನಿನಲ್ಲಿ ಹಕ್ಕಿ’. ಕೊಕ್ಕಿಲ್ಲ, ಕಾಲಿಲ್ಲ, ರೆಕ್ಕೆಪುಕ್ಕದ ಸುಳಿವೇ ಇಲ್ಲ. ಅಧಿಕಾರಿಗಳು ಅದನ್ನು ಸುಮ್ನೆ ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನಿನ ಪಟ್ಟಿಗೆ ಸೇರಿಸಿದರು. ಶೇ 40 ಸುಂಕ. 600 ಡಾಲರ್ ಮಾಲಿಗೆ 240 ಡಾಲರ್ ಕಕ್ಕಬೇಕು. ಅದೇ ಕಲಾಕೃತಿಯಾಗಿದ್ದರೆ ಸೊನ್ನೆ!

ನನಗೇನೋ ಅವರ ಮೇಲೆ ಕನಿಕರವೇ. ಪೆಟ್ಟಿಗೆಗಳ ಜೊತೆ ಬಂದವನು ಯಾರು ಗೊತ್ತಾ? ಕಲಾವಿದ ಮಾರ್ಸೆಲ್ ದ್ಯುಶಾಂಪ್. 1917ರಲ್ಲಿ ಇದೇ ಊರಿನ ಕಲಾ ಪ್ರದರ್ಶನಕ್ಕೆ ಉಚ್ಚೆ ಹೊಯ್ಯುವ ಬೇಸಿನ್ ಮೇಲೆ ಸುಳ್ಳು ಹೆಸರಿನ ಸಹಿ ಹಾಕಿ ಕಳಿಸಿದ್ದ ಆಸಾಮಿ. ಅಂಥವನು ಪಕ್ಕದಲ್ಲಿ ನಿಂತು ‘ಇದು ಕಲೆ ಸಾರ್’ ಅಂದರೆ ಯಾರು ನಂಬುತ್ತಾರೆ?

ವಿಷಯ ಕೋರ್ಟಿಗೆ ಹೋಯಿತು. ಶಿಲ್ಪ ಅಂದರೆ ನಿಸರ್ಗದಲ್ಲಿ ಇರುವುದರ ನಕಲಾಗಿರಬೇಕು ಅಂತ ಹಳೆಯ ತೀರ್ಪೊಂದಿತ್ತು. ಹಾಗಾಗಿ ಹಕ್ಕಿ ಹಕ್ಕಿಯ ಹಾಗಿದೆಯಾ ಅನ್ನೋದೇ ದೊಡ್ಡ ಪ್ರಶ್ನೆ. ಅದನ್ನು ಕೊಂಡಿದ್ದ ಛಾಯಾಗ್ರಾಹಕ ಸ್ಟೈಕನ್ ಸಾಕ್ಷಿ ಹೇಳಲು ನಿಂತರು. ‘ಕಾಡಿನಲ್ಲಿ ಇದು ಕಂಡರೆ ಗುಂಡು ಹೊಡೆಯುವುದಿಲ್ಲ, ಅಲ್ವಾ?’ ಅಂತ ನ್ಯಾಯಾಧೀಶರು ಕೇಳಿದರು. ಇಲ್ಲ ಅಂದರು ಸ್ಟೈಕನ್. ಈ ಲೆಕ್ಕದಲ್ಲಿ ಹೂವಿನ ಚಿತ್ರ ಬಂದಿದ್ದರೆ ಜೇನುಹುಳಕ್ಕೆ ಸಮನ್ಸ್ ಹೋಗುತ್ತಿತ್ತು.

ಒಳ್ಳೆಯ ಮೆಕ್ಯಾನಿಕ್ ಇದನ್ನು ಮಾಡಲಾರನೇ ಅನ್ನೋದು ಸರ್ಕಾರಿ ವಕೀಲರ ವಾದ. ಪಾಲಿಶ್ ಬೇಕಾದರೆ ಮಾಡಿಯಾನು, ಆದರೆ ಇಂಥದ್ದು ಅವನ ತಲೆಗೆ ಹೊಳೆಯುವುದಿಲ್ಲ ಅಂದರು ಶಿಲ್ಪಿ ಎಪ್‌ಸ್ಟೈನ್. ಸರ್ಕಾರವೂ ಇಬ್ಬರು ಶಿಲ್ಪಿಗಳನ್ನು ಕರೆತಂದು ಇದು ಕಲೆಯೇ ಅಲ್ಲ ಅಂತ ಹೇಳಿಸಿತು. ಸುಂಕದವರಿಗೆ ಇಲ್ಲದ ಹೊಟ್ಟೆಕಿಚ್ಚು ಸಹೋದ್ಯೋಗಿಗಳಿಗೆ ಇರುತ್ತದೆ ನೋಡಿ.

1928ರ ನವೆಂಬರ್‌ನಲ್ಲಿ ತೀರ್ಪು ಬಂತು. ಇದರಲ್ಲಿ ಹಕ್ಕಿ ಕಾಣೋದು ಸ್ವಲ್ಪ ಕಷ್ಟವೇ, ಆದರೂ ನೋಡಲು ಚೆನ್ನಾಗಿದೆ, ಸುಂಕ ಬೇಡ. ಇಷ್ಟು ಹೇಳುವುದಕ್ಕೆ ಎರಡು ವರ್ಷ!

2005ರಲ್ಲಿ ಇದೇ ಸರಣಿಯ ಅಮೃತಶಿಲೆಯ ಹಕ್ಕಿಯೊಂದು ನ್ಯೂಯಾರ್ಕ್ ಹರಾಜಿನಲ್ಲಿ 2 ಕೋಟಿ 70 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ಶೇ 40ರಂತೆ ಹಾಕಿದರೆ ಸುಂಕವೇ 1 ಕೋಟಿ ಡಾಲರ್ ದಾಟುತ್ತದೆ. ಆ ಅಧಿಕಾರಿ ಇದ್ದಿದ್ದರೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅದು ಪಾತ್ರೆಯೇ ಅಂತ ವಾದಿಸುತ್ತಿದ್ದ.