ನಡುಕಡಲಲ್ಲಿ ಕೋಲಾರದ ಬಾಟಲಿ

ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಬೆಳಿಗ್ಗೆ ಒಂದರ ಹಿಂದೆ ಒಂದು ಎರಡು ಮೆಸೇಜ್ ಬಂದವು. ಮೊದಲನೆಯದು, ಬೋರ್ ಮೋಟಾರ್ ಸುಟ್ಟಿದೆ, ಮೂರು ದಿನ ನಲ್ಲಿ ನೀರಿಲ್ಲ, ದಯವಿಟ್ಟು ಸಹಕರಿಸಿ. ಎರಡನೆಯದು ಯಾರೋ ಫಾರ್ವರ್ಡ್ ಮಾಡಿದ್ದು: ಮೊದಲ ಸಲ ಕ್ರೂಸ್, ಅಂದರೆ ಹಡಗಿನ ಮೋಜಿನ ಪ್ರವಾಸ, ಹೋಗುವವರು ಪೂರ್ತಿ ಮಜಾ ಪಡೆಯುವುದು ಹೇಗೆ. ಅದರಲ್ಲಿ ಮೊದಲ ಸಲಹೆಯೇ ಈಜುಡುಗೆಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ ಅಂತ. ದೊಡ್ಡ ಸೂಟ್‌ಕೇಸು ಕ್ಯಾಬಿನ್‌ಗೆ ಬರುವಷ್ಟರಲ್ಲಿ ಸಂಜೆಯಾಗುತ್ತದಂತೆ, ಅಲ್ಲಿಯವರೆಗೆ ಈಜುಕೊಳದಲ್ಲಿ ಜನ ಕಡಿಮೆಯಂತೆ.

ಕೋಲಾರದವರಿಗೆ ಹೇಳುತ್ತಿದ್ದಾರೆ ಸ್ವಾಮಿ, ಈಜುಡುಗೆ! ನಾವು ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ನಮ್ಮೂರಲ್ಲಿ ಎಷ್ಟೋ ಮಕ್ಕಳಿಗೆ ಕೋಡಿ ಬೀಳುವುದು ಅಂದರೇನು ಅಂತ ಅಜ್ಜಿಯೇ ಹೇಳಬೇಕಿತ್ತು.

ನಗಬೇಡಿ, ನಾನೂ ಹೋಗಿ ಬಂದಿದ್ದೇನೆ. ನನ್ನ ರಿಟೈರ್‌ಮೆಂಟಿಗೆ ಅಂತ ಮಗಳು ಮುಂಬೈನಿಂದ ಎರಡು ರಾತ್ರಿಯ ಟಿಕೆಟ್ ಮಾಡಿಸಿದ್ದಳು. ಅದಕ್ಕೇ ನನ್ನ ಕಡೆಯಿಂದಲೂ ನಾಲ್ಕು ಸಲಹೆ ಇರಲಿ.

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ, ತಗೊಳ್ಳಿ. ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಕ್ಕೆ ಇದ್ದರೆ ಅಲುಗಾಟ ಕಡಿಮೆ. ಮುಳಬಾಗಿಲು ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈಫೈ, ಸಾರಾಯಿ, ಟಿಪ್ಸು ಎಲ್ಲಾ ಟಿಕೆಟ್ಟಿನಲ್ಲೇ ಸೇರಿದೆ ಅಂದುಕೊಳ್ಳಬೇಡಿ. ಬಂದರಿನಲ್ಲಿ ಇಳಿದರೆ ಹೇಳಿದ ಟೈಮಿಗೆ ವಾಪಸ್ ಬನ್ನಿ, ಹಡಗು ಕಾಯುವುದಿಲ್ಲ. ಬಾಗಿಲು ಬಡಿದರೆ ಬೈದುಕೊಂಡಾದರೂ ಹತ್ತಿಸಿಕೊಳ್ಳುವ ಕಂಡಕ್ಟರ್ ಅಲ್ಲಿಲ್ಲ. ಊಟದ ವಿಷಯಕ್ಕೆ ಮಾತ್ರ ನಮಗೆ ಯಾರ ಸಲಹೆಯೂ ಬೇಡ. ಉಣ್ಣುವವರ ಕುರ್ಚಿ ಹಿಂದೆ ನಿಂತು, ಅವರು ಯಾವಾಗ ಮಜ್ಜಿಗೆಗೆ ಬರುತ್ತಾರೆ ಅಂತ ಎಲೆ ನೋಡುತ್ತಾ ಕಾಯುವ ನಮಗೆ ಬಫೆ ಯಾವ ಲೆಕ್ಕ.

ಇನ್ನು ಮಸ್ಟರ್ ಡ್ರಿಲ್. ಅಪಾಯ ಆದರೆ ಯಾರು ಎಲ್ಲಿ ಸೇರಬೇಕು ಅಂತ ಹಡಗು ಹೊರಡುವ ಮುಂಚೆಯೇ ಕಲಿಸುತ್ತಾರೆ. 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತ ಮೇಲೆ ಇದನ್ನು ಬಿಗಿ ಮಾಡಿದರು. ಒಳ್ಳೆಯದೇ. ಏಳು ಸಲ ಸಣ್ಣದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಹೊಡೆಯುತ್ತದೆ, ಎಲ್ಲರೂ ಅವರವರ ಜಾಗಕ್ಕೆ ಹೋಗಬೇಕು. ನನ್ನ ಪಕ್ಕದವರೆಲ್ಲ ಕಕ್ಕಾಬಿಕ್ಕಿಯಾಗಿ ಬೋರ್ಡು ಹುಡುಕುತ್ತಿದ್ದರು. ನನ್ನ ಹೆಂಡತಿ ಮಾತ್ರ ಸರಿಯಾದ ಜಾಗದಲ್ಲಿ ಮೊದಲನೆಯವಳಾಗಿ ನಿಂತಿದ್ದಳು. ಟ್ಯಾಂಕರ್ ಹಾರ್ನ್ ಕೇಳಿ ಇಪ್ಪತ್ತು ವರ್ಷದ ಅಭ್ಯಾಸ ಅವಳಿಗೆ. ಕೈಯಲ್ಲಿ ಕೊಡ ಇರಲಿಲ್ಲ, ಅಷ್ಟೇ. ನಮ್ಮ ಬೀದಿ ಹೆಂಗಸರನ್ನು ಕರೆಸಿ ಹಡಗಿನವರಿಗೇ ಟ್ರೇನಿಂಗ್ ಕೊಡಿಸಬಹುದು. ಯಾರ ಕೊಡ ಮೊದಲು ಬಂತು, ಯಾರು ಪೈಪು ಎಳೆದುಕೊಂಡರು, ಯಾರು ನಿನ್ನೆ ಎರಡು ಡ್ರಮ್ ಜಾಸ್ತಿ ಹಿಡಿದರು, ಎಲ್ಲಾ ಬಾಯಿಪಾಠ.

ಎರಡನೇ ದಿನ ಹಡಗಿನ ಹುಡುಗನೊಬ್ಬನನ್ನು ಕೇಳಿದೆ, ಇಷ್ಟು ಜನಕ್ಕೆ ನೀರು ಎಲ್ಲಿಂದ ತರುತ್ತೀರಪ್ಪ ಅಂತ. ಅವನು ಕಡಲು ತೋರಿಸಿದ. ಎಂಜಿನ್ ಬಿಸಿಯಲ್ಲಿ ಉಪ್ಪುನೀರು ಆವಿ ಮಾಡಿ ಇಳಿಸುತ್ತಾರೆ, ಇಲ್ಲವೇ ಆರ್‌ಓ ಹಾಕಿ ಸೋಸುತ್ತಾರೆ, ಒಟ್ಟಿನಲ್ಲಿ ಸಿಹಿನೀರು. ಹಡಗಿನ ಕಕ್ಕಸಿನ ನೀರನ್ನು ಸಂಸ್ಕರಿಸದೆ ಬಿಡಬೇಕಾದರೆ ದಡದಿಂದ 12 ನಾಟಿಕಲ್ ಮೈಲಿ ಆಚೆ ಹೋಗಬೇಕಂತೆ, ಅದು ಅಂತರರಾಷ್ಟ್ರೀಯ ಕಾನೂನು. ನಾನು ಸುಮ್ನೆ ಕೈ ಮುಗಿದೆ.

ಯಾಕೆ ಅಂದರೆ ನಮ್ಮ ಸರ್ಕಾರಗಳು ಇದಕ್ಕಿಂತ ಬುದ್ಧಿವಂತರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೇ ಕಳಿಸಿದರು. ಆ ಯೋಜನೆಯ ಹೆಸರೇ ಕೆ.ಸಿ. ವ್ಯಾಲಿ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಕುಣಿದರು, ಆಮೇಲೆ ನೊರೆಯೂ ಬಂತು. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೇಳಿದವರು ಕೇಳುತ್ತಲೇ ಇದ್ದಾರೆ. ಬೋರುಗಳಲ್ಲಿ ನೀರು ಮೇಲೆ ಬಂತು, ಸುಳ್ಳು ಹೇಳಬಾರದು. ಆದರೆ ಯಾರಾದರೂ ಒಂದು ಲೋಟ ಕುಡಿದು ತೋರಿಸಿ ಅಂದರೆ ವೇದಿಕೆ ಮೇಲೆ ಇದ್ದವರೆಲ್ಲ ಬಾಟಲಿ ನೀರು ಕುಡಿಯುತ್ತಾರೆ.

ಕುಡಿಯುವುದಕ್ಕೆ ಪಶ್ಚಿಮ ಘಟ್ಟದಿಂದ ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ ಇದೆಯಲ್ಲ! 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು. ಆಗ ಅಂದಾಜು 12,912 ಕೋಟಿ, ಆಮೇಲೆ ಅದು 23,251 ಕೋಟಿಗೆ ಏರಿತು. ಹತ್ತು ವರ್ಷ ಕಳೆದು 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಹತ್ತಿರ ಚಾಲನೆ ಕೊಟ್ಟು ಬಾಗಿನ ಬಿಟ್ಟರು. ನೀರಿಗಿಂತ ಮುಂಚೆ ಫೋಟೋ ಕೋಲಾರ ಮುಟ್ಟಿತು. ಫೋಟೋಗೆ ಪೈಪು ಬೇಡ ನೋಡಿ.

ತಮಾಷೆ ಮಾಡುತ್ತಾ ಬಂದೆ, ಆದರೆ ಇಲ್ಲಿ ನನಗೆ ನಗು ಬರುತ್ತಿಲ್ಲ. ನಮ್ಮಮ್ಮನ ಹಲ್ಲು ಫ್ಲೋರೈಡ್ ನೀರಿಗೆ ಕಂದು ತಿರುಗಿತ್ತು. ಫೋಟೋ ತೆಗೆಯುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. 1,500 ಅಡಿ ಬೋರ್ ಹೊಡೆಸಿ, ಬರೀ ಧೂಳು ನೋಡಿ, ಇಲ್ಲೇ ನೀರಿದೆ ಅಂತ ಪಾಯಿಂಟ್ ಮಾಡಿದವನಿಗೂ ದುಡ್ಡು ಕೊಟ್ಟು, ಒಡವೆ ಬಿಡಿಸಿಕೊಳ್ಳಲಾರದೆ ಕೂತ ಮನೆ ನಮ್ಮ ಬೀದಿಯಲ್ಲೇ ಇದೆ. ಕುಡಿಯುವ ನೀರು ಕೇಳಿದ್ದು, ಕಡಲು ಕೇಳಲಿಲ್ಲ. ಪ್ರತಿ ಚುನಾವಣೆಗೂ ಅದೇ ಪೈಪು, ಅದೇ ಭಾಷಣ. ಸಾಕಾಗಿ ಹೋಗಿದೆ.

ಹಾಂ, ಕ್ರೂಸ್ ಬಗ್ಗೆ ಬರೆಯುತ್ತಿದ್ದೆ ಅಲ್ವಾ.

ಕೊನೆಯ ರಾತ್ರಿ ಮಲಗುವ ಮುಂಚೆ ನೋಡಿದರೆ ಹೆಂಡತಿ ಬಾತ್‌ರೂಮಿನಲ್ಲಿ ನಮ್ಮ ಎರಡು ಬಾಟಲಿ, ಫ್ಲಾಸ್ಕು, ಕೊನೆಗೆ ಹಲ್ಲುಜ್ಜುವ ಲೋಟದವರೆಗೂ ನೀರು ತುಂಬಿಸಿ ಸಾಲಾಗಿ ಇಡುತ್ತಿದ್ದಳು.

"ಏನೇ ಇದು? ಇಲ್ಲಿ ಸಮುದ್ರದಿಂದಲೇ ನೀರು ಮಾಡುತ್ತಾರೆ ಕಣೇ" ಅಂದೆ.

"ಮಾಡಲಿ ರೀ. ಬೆಳಿಗ್ಗೆ ಮೋಟಾರ್ ಸುಟ್ಟರೆ?"

ಇನ್ನೊಂದು ಲೋಟ ಖಾಲಿ ಇತ್ತು, ತೆಗೆದುಕೊಟ್ಟೆ.