ಮಾಸ್ತರ್ ಮಾತಾಡಬಹುದು, ನೋಟಿಸ್ ಬಂದ ಮೇಲೆ

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಕಲಬುರಗಿಗೆ ಸಿಕ್ಕಿದ್ದು ರಾಜ್ಯದಲ್ಲೇ ಕೊನೇ ಸ್ಥಾನ. ಪಾಸಾದವರು ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ 91.12. ಇಂಥ ಸುದ್ದಿ ಬಂದ ಮೇಲೆ ನಮ್ಮ ಕಡೆ ಏನಾಗುತ್ತದೆ ಅಂತ ಗೊತ್ತಲ್ವಾ? ಮೀಟಿಂಗ್ ಆಗುತ್ತದೆ. ವೇದಿಕೆ ಮೇಲೆ ಕೂತವರೆಲ್ಲ ಮಾತಾಡುತ್ತಾರೆ. ಶಾಲೆ ಮೆಟ್ಟಿಲು ಹತ್ತಿ ವರ್ಷಗಳೇ ಆದವರು ಸ್ವಲ್ಪ ಜಾಸ್ತಿಯೇ ಮಾತಾಡುತ್ತಾರೆ. ಮಾಸ್ತರರಿಗೂ ಒಂದು ಪಾತ್ರ ಇರುತ್ತದೆ. ಹೆಸರು ಕರೆದಾಗ ಎದ್ದು ನಿಲ್ಲಬೇಕು.

"ನಿಮ್ಮ ಶಾಲಿ ರಿಸಲ್ಟ್ ಯಾಕ್ ಬಿತ್ರಿ?"

"ಸರ್, ತೊಗರಿ ರಾಶಿ ಟೈಮಿಗೆ ಹುಡುಗರು ಹೊಲಕ್ಕ ಹೋಗ್ತಾರ್ರಿ. ತಾಂಡಾದ ಮಂದಿ ಮಕ್ಕಳನ್ನ ಕರ್ಕೊಂಡು ದುಡಿಲಿಕ್ಕ ಪುಣೆ, ಮುಂಬೈಗೆ ಹೋಗ್ತಾರ್ರಿ. ಗಣಿತದ ಪೋಸ್ಟ್ ಖಾಲಿ ಅದ್ರಿ..."

"ನೆಪ ಹೇಳಬ್ಯಾಡ್ರಿ. ಕುಂದರ್ರಿ."

ಸಮಾಲೋಚನೆ ಮುಗಿಯಿತು. ನಡಾವಳಿಯಲ್ಲಿ 'ಶಿಕ್ಷಕರೊಂದಿಗೆ ಕೂಲಂಕಷವಾಗಿ ಚರ್ಚಿಸಿ ತೀರ್ಮಾನಿಸಲಾಯಿತು' ಅಂತ ಬರುತ್ತದೆ. ತೀರ್ಮಾನದ ಪ್ರತಿ ಬೆಳಿಗ್ಗೆಯೇ ಜೆರಾಕ್ಸ್ ಆಗಿರುತ್ತದೆ, ಆ ಮಾತು ಬೇರೆ.

ಹಾಗಂತ ಕಾನೂನು ಮಾಸ್ತರರನ್ನು ಮರೆತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮ ನೋಡಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು. ಉಳಿದ ಕಾಲು ಪಾಲಿನಲ್ಲಿ ಮೂರನೇ ಒಂದು ಭಾಗ ಶಿಕ್ಷಕರು. ಅಂದರೆ ಹನ್ನೆರಡರಲ್ಲಿ ಒಂದು. ಪಾಲಕರು ಜಾಸ್ತಿ ಇರುವುದು ಸರಿಯೇ, ಮಕ್ಕಳು ಅವರವು. ಆದರೆ ಪಾಲಕರನ್ನಾದರೂ ಯಾರು ಕೇಳುತ್ತಾರೆ? ಮೇಲಿಂದ ಸುತ್ತೋಲೆ ಬರುತ್ತದೆ, ಇಬ್ಬರೂ ಸಹಿ ಹಾಕುತ್ತಾರೆ. ನಮ್ಮ ರಾಜ್ಯದ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಹೆಡ್ ಮಾಸ್ತರ್ ಸದಸ್ಯ ಕಾರ್ಯದರ್ಶಿ ಬೇರೆ. ಬೇರೆಯವರ ನಿರ್ಧಾರವನ್ನು ದುಂಡು ಅಕ್ಷರದಲ್ಲಿ ಬರೆಯುವ ಗೌರವ ಅವರದು.

ಮಾಸ್ತರರ ಮೇಲೆ ಸರ್ಕಾರಕ್ಕೆ ನಂಬಿಕೆ ಇಲ್ಲ ಅನ್ನಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಮನೆ ಮನೆ ತಿರುಗಿದ್ದು ಇವರೇ. ಒಂದೊಂದು ಮನೆಯಲ್ಲಿ 60 ಪ್ರಶ್ನೆ. ಕೆಲಸ ಮುಗಿಯದೆ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಊರಿಗೆಲ್ಲ 60 ಪ್ರಶ್ನೆ ಕೇಳಿ ಬಂದವರಿಗೆ, "ಮಾಸ್ತರೇ, ನಿಮ್ಮ ಶಾಲೆಗೆ ಏನು ಬೇಕು?" ಅಂತ 61ನೇದು ಯಾರೂ ಕೇಳಲಿಲ್ಲ. ಆ್ಯಪ್‌ನಲ್ಲಿ ಆ ಕಾಲಂ ಇರಲಿಲ್ಲ, ಪಾಪ.

ಹೆಡ್ ಮಾಸ್ತರರಿಗೆ ಅಧಿಕಾರವೇ ಇಲ್ಲ ಅಂದರೂ ತಪ್ಪು. ಬಿಸಿಯೂಟದ ಮೊಟ್ಟೆ ತುಟ್ಟಿಯಾಗುತ್ತದೆ. ಸರ್ಕಾರದ ದರ ಕುಂತಲ್ಲೇ ಕುಂತಿರುತ್ತದೆ. ನಡುವಿನ ದುಡ್ಡನ್ನು ಎಡಗಡೆ ಜೇಬಿನಿಂದ ತೆಗೆಯಬೇಕೋ ಬಲಗಡೆ ಜೇಬಿನಿಂದಲೋ ಅನ್ನುವುದು ಪೂರ್ತಿ ಅವರದೇ ನಿರ್ಧಾರ. ಇದಕ್ಕೆ ಮೇಲಧಿಕಾರಿಗಳ ಮಂಜೂರಾತಿ ಕೂಡ ಬೇಕಿಲ್ಲ.

ಇನ್ನು ಮಾಸ್ತರರ ಅಭಿಪ್ರಾಯವನ್ನು ಬರವಣಿಗೆಯಲ್ಲಿ, ಸಹಿ ಸಮೇತ, ಗಡುವು ಹಾಕಿ ಕೇಳುವ ಕಾಗದವೂ ಒಂದಿದೆ. ಕಾರಣ ಕೇಳಿ ನೋಟಿಸ್. ಅದಕ್ಕೆ ಉತ್ತರವಾಗಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯಬಹುದು, ಪುಟದ ಮಿತಿ ಇಲ್ಲ. ಓದುವವರೂ ಇರುತ್ತಾರೆ. ಓದಿ, 'ಸಮಜಾಯಿಷಿ ತೃಪ್ತಿಕರವಾಗಿಲ್ಲ' ಅಂತ ಷರಾ ಬರೆಯುತ್ತಾರೆ. ಅಷ್ಟೊತ್ತಿಗೆ ಮುಂದಿನ ವರ್ಷದ ಫಲಿತಾಂಶ ಸುಧಾರಣೆಯ ಸುತ್ತೋಲೆ ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದಿರುತ್ತದೆ. ಕೊನೇ ಸಾಲು: 'ಶಿಕ್ಷಕರು ತಮ್ಮ ಸಲಹೆಗಳನ್ನು ಮುಕ್ತವಾಗಿ ತಿಳಿಸಬಹುದು.'

ಆ ಗ್ರೂಪಿನಲ್ಲಿ ಮೆಸೇಜ್ ಹಾಕಲು ಅಡ್ಮಿನ್‌ಗೆ ಮಾತ್ರ ಅವಕಾಶ.